ಕುದುರೆಗೆ ಕವಚ, ಗೋಳಿಬಜೆಗೆ ಚಟ್ನಿ

ಆಟಿ ತಿಂಗಳ ಒಂದು ಸಂಜೆ. ಹೊರಗೆ ಬಿಡದ ಮಳೆ. ನಾನು ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದೆ. ಒಳಗಿನ ಕೋಣೆಯಿಂದ ಅಳಿಯನ, ಅಂದರೆ ಅಕ್ಕನ ಮಗನ ಸ್ವರ ಕೇಳಿತು. "ಡಿಎಲ್‌ಸಿ ಸಿಕ್ಕಿತು ಮಾರಾಯ, ಡಿಎಲ್‌ಸಿ!"

ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆಯವರಿಗೆ ಈ ಮೂರು ಅಕ್ಷರ ಯಾವ ಕ್ರಮದಲ್ಲಿ ಬಂದರೂ ಕಿವಿಗೆ ಬೀಳುವುದು ಎಲ್‌ಡಿಸಿ ಎಂದೇ. ಕೇರಳ ಪಿಎಸ್‌ಸಿಯ ಗುಮಾಸ್ತನ ಹುದ್ದೆ. ಅದು ಸಿಕ್ಕಿತೆಂದರೆ ಹುಡುಗ ದಡ ಸೇರಿದ ಹಾಗೆ. ಜಾತಕ ಕೇಳಿಕೊಂಡು ಜನ ಬರಲು ಸುರುವಾಗುತ್ತದೆ. ನಾನು ಅಡಿಕೆ ಬಿಟ್ಟು ಎದ್ದವನೇ ಮುಳ್ಳೇರಿಯದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ನಿಂತಲ್ಲೇ ಮಧೂರು ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡಳು. ಆಮೇಲೆ ಕೋಣೆಗೆ ಹೋಗಿ ಅಳಿಯನನ್ನು ಕೇಳಿದೆ, "ಎಷ್ಟನೇ ರ‍್ಯಾಂಕು?"

"ರ‍್ಯಾಂಕ್ ಅಲ್ಲ ಮಾವ, ಕುದುರೆಗೆ ಕವಚ."

ಹರಕೆ ಹೇಳಿ ಆಗಿತ್ತು. ಗಣಪತಿ ಲೆಕ್ಕ ಬಿಡುವವನಲ್ಲ. ಆ ವಿಷಯ ಅಕ್ಕನೂ ನಾನೂ ಈಗಲೂ ಮಾತಾಡುವುದಿಲ್ಲ.

ನಮ್ಮಲ್ಲಿ ಆಟ ಎಂದರೆ ಯಕ್ಷಗಾನ. ಅಳಿಯನ ಆಟ ಬೇರೆ, ವಿಡಿಯೋ ಗೇಮ್. ಅದರಲ್ಲೂ ರಾಜ ಉಂಟು, ರಾಕ್ಷಸ ಉಂಟು, ಮಂತ್ರ ಮಾಟ ಎಲ್ಲ ಉಂಟು. ನಾವೇ ಒಂದು ವೇಷ ಆಗಿ ಕಾಡು ಗುಡ್ಡ ತಿರುಗಬೇಕು. ನೂರಾರು ಗಂಟೆ ತಿರುಗಿದರೂ ಬೆಳಗಾಗುವುದಿಲ್ಲ, ಮಂಗಳ ಹಾಡುವುದಿಲ್ಲ. ಇಷ್ಟರವರೆಗೆ ನನ್ನ ತಕರಾರಿಲ್ಲ. ಆದರೆ ದುಡ್ಡು ಕೊಟ್ಟು ಕೊಂಡ ಮೂಲ ಆಟಕ್ಕೆ (ಅಳಿಯನ ಭಾಷೆಯಲ್ಲಿ ಬೇಸ್ ಗೇಮ್) ಪುನಃ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಸಾಮಾನು ಒಂದುಂಟು. ಅದೇ ಡಿಎಲ್‌ಸಿ, ಡೌನ್‌ಲೋಡೆಬಲ್ ಕಂಟೆಂಟ್. ಕೆಲವೊಮ್ಮೆ ಅದು ಹೊಸ ಊರು, ಹೊಸ ಕಥೆ. ಕೆಲವೊಮ್ಮೆ ಬರೀ ಒಂದು ಅಂಗಿ.

ಕುದುರೆಯ ಕವಚಕ್ಕಂತೂ ಒಂದು ಸ್ಥಳಪುರಾಣವೇ ಉಂಟು. ಬೆಥೆಸ್ಡ ಎಂಬ ಅಮೆರಿಕದ ಕಂಪನಿ 2006ರ ಮಾರ್ಚ್‌ನಲ್ಲಿ 'ಎಲ್ಡರ್ ಸ್ಕ್ರೋಲ್ಸ್ 4: ಒಬ್ಲಿವಿಯನ್' ಎಂಬ ಆಟ ಬಿಟ್ಟಿತು. ಏಪ್ರಿಲ್‌ನಲ್ಲಿ ಅದೇ ಆಟದ ಕುದುರೆಗೆ ಕವಚ ಮಾರಾಟಕ್ಕೆ ಇಟ್ಟಿತು. ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರ ಇದ್ದವರಿಗೆ ಎರಡೂವರೆ ಡಾಲರ್. ಕವಚ ಎಂದರೆ ಹೆಚ್ಚಾಗಿ ನೋಡಲಿಕ್ಕೆ ಚಂದ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಯಾವುದು ಗೊತ್ತಾ? ಆ ಆಟದಲ್ಲಿ ಕುದುರೆಯ ಮೇಲೆ ಕುಳಿತು ಯುದ್ಧ ಮಾಡಲಿಕ್ಕೇ ಆಗುತ್ತಿರಲಿಲ್ಲ. ಕತ್ತಿ ಬೀಸಬೇಕಾದರೆ ಕೆಳಗೆ ಇಳಿಯಬೇಕು. ಯುದ್ಧಕ್ಕೆ ಹೋಗದ ಕುದುರೆಗೆ ಯುದ್ಧದ ಕವಚ! ಮದುವೆಗೆ ಹೋಗದವನಿಗೆ ಪೇಟ ಸುತ್ತಿದ ಹಾಗೆ.

ಲೋಕವೇ ನಗಾಡಿತಂತೆ. ನಗಾಡಿದವರೇ ಕೊಂಡರಂತೆ. 2009ರ ಏಪ್ರಿಲ್ 1ಕ್ಕೆ ಕಂಪನಿ ಆ ಆಟದ ಉಳಿದೆಲ್ಲ ಡಿಎಲ್‌ಸಿಗಳಿಗೆ ಅರ್ಧ ಬೆಲೆ ಮಾಡಿ, ಕವಚಕ್ಕೆ ಮಾತ್ರ ಎರಡು ಪಟ್ಟು ಬೆಲೆ ಇಟ್ಟಿತು. ಕೊಂಡವನ ಮುಖಕ್ಕೇ ನಗುವುದು, ಆ ನಗುವಿಗೂ ಅವನಿಂದಲೇ ದುಡ್ಡು ತೆಗೆದುಕೊಳ್ಳುವುದು. ನಮ್ಮ ಯಾವ ದಲ್ಲಾಳಿಗೂ ಈ ವಿದ್ಯೆ ಬರುವುದಿಲ್ಲ. 2025ರ ಏಪ್ರಿಲ್ 22ಕ್ಕೆ ಅದೇ ಆಟಕ್ಕೆ ಸುಣ್ಣಬಣ್ಣ ಬಳಿದು ಹೊಸತಾಗಿ ಬಿಟ್ಟರು. ಹಳೇ ಕವಚ ಈಗ ಆಟದ ಜೊತೆಗೇ ಬರುತ್ತದೆ. ಹೊಸ ನಮೂನೆಯ ಕವಚ ಬೇಕಾದರೆ ಡಿಲಕ್ಸ್ ತೆಗೆದುಕೊಳ್ಳಬೇಕು. ಅಮೆರಿಕದ ಲೆಕ್ಕದಲ್ಲಿ ಹತ್ತು ಡಾಲರ್ ಜಾಸ್ತಿ. ಅಳಿಯನಿಗೆ ಸಿಕ್ಕಿದ ಉದ್ಯೋಗ ಇದು. ಮೊನ್ನೆ ನನ್ನ ಫೋನಿಗೆ ಬಂದ ಓಟಿಪಿ ಯಾತರದ್ದು ಎಂದು ಆಗ ಗೊತ್ತಾಯಿತು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ಹೆಚ್ಚು ದೂರ ಇಲ್ಲ. ನಮ್ಮ ಆಟದಲ್ಲಿ ಅಶ್ವಮೇಧದ ಕುದುರೆಗಾಗಿ ಎಷ್ಟು ಯುದ್ಧ ಆಗಿಲ್ಲ! ಬಭ್ರುವಾಹನ ಕಟ್ಟಿದ, ಲವ ಕುಶರು ಕಟ್ಟಿದರು. ಆದರೆ ರಂಗಸ್ಥಳದಲ್ಲಿ ಕುದುರೆ ಎಲ್ಲುಂಟು? ಭಾಗವತರು ಪದ್ಯ ಎತ್ತಿದರು, ವೇಷಧಾರಿ ಕೈ ತೋರಿಸಿದ, ಗದ್ದೆಯಲ್ಲಿ ಚಾಪೆ ಹಾಸಿ ಕುಳಿತ ನಮಗೆ ಕುದುರೆ ಕಂಡಿತು. ಬಾಲ ಸಮೇತ ಕಂಡಿತು. ಇಲ್ಲದ ಕುದುರೆಯನ್ನು ಬಿಟ್ಟಿಯಾಗಿ ತೋರಿಸಿದ ಊರಿನ ಹುಡುಗರಿಗೆ ಈಗ ಇಲ್ಲದ ಕುದುರೆಯ ಇಲ್ಲದ ಕವಚ ಮಾರಿದ್ದಾರೆ.

ಶನಿವಾರ ರಾತ್ರಿ ಅಳಿಯನ ಕೋಣೆಯಲ್ಲಿ ತಾಳಮದ್ದಳೆ. ಚೆಂಡೆ ಇಲ್ಲ, ಹೆಡ್‌ಫೋನ್ ಉಂಟು. ಇಲ್ಲಿ ಇವನು, ಪೆರ್ಲದಲ್ಲಿ ಒಬ್ಬ, ಉಪ್ಪಳದಲ್ಲಿ ಒಬ್ಬ, ದುಬೈಯಲ್ಲಿ ಒಬ್ಬ. ತುಳು, ಕನ್ನಡ, ಮಲಯಾಳ ಮೂರೂ ಒಂದೇ ವಾಕ್ಯದಲ್ಲಿ. ಪೆರ್ಲದವನು ಪೀಠಿಕೆ ಹಾಕುತ್ತಾನೆ. ಡಿಎಲ್‌ಸಿ ಎಂದರೆ ಮೊದಲೇ ಮಾಡಿಟ್ಟದ್ದನ್ನು ಕತ್ತರಿಸಿ ಆಮೇಲೆ ಮಾರುವುದು, ಇದು ಅಧರ್ಮ. ಉಪ್ಪಳದವನು ಎದುರಾಳಿ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ, 2015ರ 'ವಿಚರ್ 3' ಆಟಕ್ಕೆ ಹದಿನಾರು ಸಣ್ಣ ಡಿಎಲ್‌ಸಿ ಬಿಟ್ಟಿ ಕೊಟ್ಟರಲ್ಲ, ಮರುವರ್ಷ ಬಂದ 'ಬ್ಲಡ್ ಆ್ಯಂಡ್ ವೈನ್' ದುಡ್ಡಿನದ್ದಾದರೂ ಒಂದು ಇಡೀ ಆಟದಷ್ಟು ದೊಡ್ಡದು. (ಇದು ನ್ಯಾಯದ ಮಾತೇ. ಹೊಟ್ಟೆ ತುಂಬ ಬಡಿಸಿದವನನ್ನು ನಾನು ಬೈಯುವುದಿಲ್ಲ.) ದುಬೈಯವನು ಸಂಧಾನಕ್ಕೆ ಬರುತ್ತಾನೆ. ಅಳಿಯ ಅವನ ಮೇಲೇ ಹಾರುತ್ತಾನೆ. ಕರ್ಣನಿಗೂ ಕೃಷ್ಣನಿಗೂ ಕೂಡ ಇಷ್ಟು ಹೊತ್ತು ವಾದ ಆಗುವುದು ನಾನು ಕೇಳಿಲ್ಲ.

ರಾತ್ರಿ ಒಂದು ಗಂಟೆಗೆ ನಾನು ನೀರು ಕುಡಿಯಲು ಎದ್ದವನು ಸುಮ್ನೆ ಕೇಳಿದೆ, "ಅಧರ್ಮ ಎಂದವನು ಕವಚ ಕೊಂಡಿಲ್ಲ ಅಲ್ವಾ?"

"ಅವನೇ ಮೊದಲು ಕೊಂಡದ್ದು ಮಾವ."

ದುಡ್ಡು ಕೊಟ್ಟವನಿಗೆ ಬೈಯುವ ಹಕ್ಕು ಉಂಟಂತೆ. ಬೈಯುವ ಆಸೆಗೆ ದುಡ್ಡು ಕೊಡುವುದು. ಸಿನಿಮಾ ಟಾಕೀಸಿನಲ್ಲೂ, ಓಟಿನಲ್ಲೂ ನಾವು ಮಾಡುವುದು ಇದನ್ನೇ ಆದ್ದರಿಂದ ನಾನು ಬಾಯಿ ಮುಚ್ಚಿ ಮಲಗಿದೆ.

ಬರಬರುತ್ತಾ ನನಗೂ ಕುತೂಹಲ ಹತ್ತಿತು. 2024ರ ಮಾರ್ಚ್‌ನಲ್ಲಿ 'ಡ್ರ್ಯಾಗನ್ಸ್ ಡಾಗ್ಮಾ 2' ಎಂಬ ಆಟ ಬಂತು. ಅದರಲ್ಲಿ ಜೈಲಿನಿಂದ ತಪ್ಪಿಸಿಕೊಳ್ಳುವ ಕೀಲಿಕೈಯನ್ನು ಬೇರೆಯಾಗಿ ದುಡ್ಡಿಗೆ ಮಾರಿದರು. ಮುಖದ ಚಂದ ಬದಲಿಸುವುದಕ್ಕೂ ಬೇರೆ ದುಡ್ಡು. ಆಟದೊಳಗೇ ಹುಡುಕಿದರೆ ಅವು ಸಿಗುತ್ತವಂತೆ. ಹುಡುಕಲು ಪುರುಸೊತ್ತಿಲ್ಲದವರಿಗೆ ಈ ಸೌಕರ್ಯ. "ಹುಡುಕುವುದೇ ಆಟ ಅಲ್ವಾ?" ಎಂದೆ. ಅಳಿಯ ಹೆಡ್‌ಫೋನ್ ಕಿವಿಗೆ ಏರಿಸಿದ. ಕಾಸು ಕೊಟ್ಟು ಜೈಲಿನಿಂದ ಹೊರಗೆ ಬರುವ ಕ್ರಮ ನಮ್ಮ ದೇಶದಲ್ಲಿ ಮೊದಲೇ ಉಂಟು. ಅದಕ್ಕೆ ರಶೀದಿ ಕೊಡುವ ಕ್ರಮ ಮಾತ್ರ ಇವರದ್ದು.

'ಸ್ಕೈರಿಮ್' ಎಂಬುದು ಇನ್ನೊಂದು, 2011ರದ್ದು. ಮರುವರ್ಷ ಅದಕ್ಕೆ 'ಹಾರ್ತ್‌ಫೈರ್' ಎಂಬ ಡಿಎಲ್‌ಸಿ ಬಂತು. ಡ್ರ್ಯಾಗನ್ ಕೊಂದ ಮಹಾವೀರ ಅದರಲ್ಲಿ ಜಾಗ ತೆಗೆದುಕೊಂಡು, ಮರ ಕಲ್ಲು ಮೊಳೆ ಕೀಲು ಒಟ್ಟು ಮಾಡಿ, ಮನೆ ಕಟ್ಟಿ, ಮಕ್ಕಳನ್ನು ದತ್ತು ತೆಗೆದುಕೊಳ್ಳಬಹುದು. ನಾನು ಕೆಂಪುಕಲ್ಲಿನ ಈ ಮನೆ ಕಟ್ಟುವಾಗ ಅಳಿಯನನ್ನು ಎರಡು ಕಲ್ಲು ಹೊರಲು ಕರೆದಿದ್ದೆ. ಸೊಂಟನೋವು ಎಂದಿದ್ದ. ಈಗ ದುಡ್ಡು ಕೊಟ್ಟು ಅಲ್ಲಿ ಕಲ್ಲು ಹೊರುತ್ತಾನೆ. "ಪಂಚಾಯತಿನ ಪರ್ಮಿಟ್ ಬೇಡವಾ?" ಎಂದು ಕೇಳಿದೆ. ಬೇಡವಂತೆ. ಅದು ಮುಂದಿನ ಡಿಎಲ್‌ಸಿಯಲ್ಲಿ ಬರಬಹುದು.

ಈ ತತ್ತ್ವವನ್ನು ನಾನು ಪೇಟೆಯ ಹೋಟೆಲಿನಲ್ಲಿ ಕಣ್ಣ ಚಾ ಕುಡಿಯುತ್ತಾ ವಿವರಿಸಿದ್ದೇ ತಪ್ಪಾಯಿತು. ನಾಲ್ಕು ಜನ ಪ್ರಾಯದವರು ಬಾಯಿ ಬಿಟ್ಟು ಕೇಳಿದರು. ಹೋಟೆಲಿನ ಯಜಮಾನರು ಮಾತ್ರ ಒಂದೂ ಮಾತಾಡಲಿಲ್ಲ. ಮರುವಾರ ಹೋದಾಗ ಗೋಳಿಬಜೆಯ ತಟ್ಟೆ ಬಂತು, ಚಟ್ನಿ ಬರಲಿಲ್ಲ.

"ಚಟ್ನಿ?"

"ಅದು ಬೇರೆ. ಐದು ರುಪಾಯಿ."

"ಇದೆಂತ ಹೊಸತು?"

"ನೀವೇ ಹೇಳಿದ್ದಲ್ವಾ ಮಾಷ್ಟ್ರೇ? ಗೋಳಿಬಜೆ ಗೋಳಿಬಜೆಯೇ. ಚಟ್ನಿ ಆಮೇಲೆ ಇಳಿಯುವುದು."

ಚಾಕ್ಕೆ ಸಕ್ಕರೆ ಜಾಸ್ತಿ ಬೇಕಾದರೆ ಡಿಲಕ್ಸ್ ಅಂತೆ. ಇಡೀ ಮಳೆಗಾಲದ ಚಟ್ನಿಗೆ ಈಗಲೇ ದುಡ್ಡು ಕೊಟ್ಟರೆ ರಿಯಾಯಿತಿಯೂ ಉಂಟು. ಅಳಿಯನ ಭಾಷೆಯಲ್ಲಿ ಅದು ಸೀಸನ್ ಪಾಸ್. ಯಾವ ಚಟ್ನಿ, ತೆಂಗಿನಕಾಯಿ ಹಾಕುತ್ತಾರಾ ಇಲ್ಲವಾ, ಏನೂ ಹೇಳುವುದಿಲ್ಲ. ಮೊದಲು ದುಡ್ಡು ಇಡಬೇಕು. ಇಬ್ಬರು ಇಟ್ಟೂ ಆಗಿದೆ. ಅದರಲ್ಲಿ ಒಬ್ಬ ನಾನು.

ಅಳಿಯನ ಗೆಳೆಯರು ಭಯಭಕ್ತಿಯಿಂದ ಹೇಳುವ ಇನ್ನೊಂದು ಹೆಸರು 'ಎಲ್ಡನ್ ರಿಂಗ್'. 2022ರ ಆಟ. 2024ರ ಜೂನ್ 21ಕ್ಕೆ 'ಶ್ಯಾಡೋ ಆಫ್ ದ ಎರ್ಡ್‌ಟ್ರೀ' ಎಂಬ ದೊಡ್ಡ ಡಿಎಲ್‌ಸಿ ಬಂತು. ಜನ ಸಾಲುಗಟ್ಟಿ ಕೊಂಡರು. ಕೊಂಡು ನೋಡಿದರೆ ಬಾಗಿಲು ಹಾಕಿದೆ. ಮೊದಲು ಹಳೇ ಆಟದಲ್ಲಿ ರಡಾನ್ ಎಂಬ ದೈತ್ಯನನ್ನೂ ಮೊಹ್ಗ್ ಎಂಬ ರಕ್ತಪಿಶಾಚಿಯನ್ನೂ ಕೊಂದು ಬರಬೇಕು. ಆಮೇಲೆ ಒಳಗೆ. ದುಡ್ಡು ಕೊಟ್ಟೂ ಹೊರಗೆ ನಿಂತವರ ಗೋಳು ಕೇಳಲಿಕ್ಕಿಲ್ಲ. ಪೆರ್ಲದ ಹುಡುಗ ಮೊಹ್ಗ್‌ನ ಕೈಯಲ್ಲಿ ಅರುವತ್ತು ಸಲ ಸತ್ತನಂತೆ.

ನನಗೆ ಆಶ್ಚರ್ಯವಾಗಲಿಲ್ಲ. ಅದೇ ವಾರ ನಾನು ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಎಂದು ಬೇಡ, ಇನ್ನೊಮ್ಮೆ ಹೋಗಲಿಕ್ಕುಂಟು. ಫಾರಂ ಮಲಯಾಳದಲ್ಲಿತ್ತು. ಕನ್ನಡದ್ದು ಕೇಳಿದೆ.

"ಕನ್ನಡದ್ದು ಬಂದಿಲ್ಲ."

"ಯಾವಾಗ ಬರ್ತದೆ?"

"ಬಂದ ಮೇಲೆ ಗೊತ್ತಾಗ್ತದೆ."

ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ಉಂಟು. ನಾನು ಮನೆಗೆ ಬಂದು ಕೂಗಾಡಿದ್ದು ಕೇಳಿ ಅಳಿಯ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. "ಹಕ್ಕು ಬೇಸ್ ಗೇಮಿನಲ್ಲಿ ಉಂಟು ಮಾವ. ಫಾರಂ ಡಿಎಲ್‌ಸಿಯಲ್ಲಿ."

ಹುಡುಗನ ತಲೆ ಚುರುಕು. ಪಿಎಸ್‌ಸಿ ಬರೆದರೆ ಪಾಸಾಗುತ್ತಾನೆ.

ಅವನ ಆಟಗಳ ಭಾಷೆಯ ಪಟ್ಟಿಯನ್ನೂ ನೋಡಿದೆ. ಫ್ರೆಂಚ್ ಉಂಟು, ಜರ್ಮನ್ ಉಂಟು, ಸ್ಪ್ಯಾನಿಶ್ ಉಂಟು. ಕನ್ನಡ ಇಲ್ಲ. ಮಲಯಾಳವೂ ಇಲ್ಲ. ಪಕ್ಕದ ಮನೆಯ ಮಲಯಾಳಿ ಹುಡುಗನೂ ನಮ್ಮವನೂ ಅಲ್ಲಿ ಅಕ್ಕಪಕ್ಕ ಕುಳಿತು ಇಂಗ್ಲಿಷಿನಲ್ಲೇ ರಾಕ್ಷಸರ ಬೈಗುಳ ತಿನ್ನುತ್ತಾರೆ. ಜಿಲ್ಲೆಯಲ್ಲಿ ಇಷ್ಟು ಸಮಾನತೆ ನಾನು ಬೇರೆಲ್ಲೂ ಕಂಡಿಲ್ಲ.

ಕತ್ತರಿಸಿ ಇಡುವುದು, ಆಮೇಲೆ ಕೊಡುತ್ತೇವೆ ಎನ್ನುವುದು. ಇದು ಬೆಥೆಸ್ಡದವರು ಕಂಡುಹಿಡಿದದ್ದು ಎಂದು ಅಳಿಯನ ಗೆಳೆಯರು ತಿಳಿದಿದ್ದಾರೆ. ಪಾಪ, ಅವರಿಗೆ ಪ್ರಾಯ ಸಾಲದು. ನಮ್ಮ ಬೇಸ್ ಗೇಮ್ ಬಿಡುಗಡೆಯಾದದ್ದು 1956ರ ನವೆಂಬರ್ 1ಕ್ಕೆ. ಕನ್ನಡದ ಊರುಗಳನ್ನೆಲ್ಲ ಸೇರಿಸಿ ಮೈಸೂರು ರಾಜ್ಯ ಎಂದು ಬಿಟ್ಟರು. ಪೆಟ್ಟಿಗೆ ಬಿಚ್ಚಿ ನೋಡಿದರೆ ಕಾಸರಗೋಡು ಇಲ್ಲ. ಅದನ್ನು ಕೇರಳ ಎಂಬ ಬೇರೆ ಪೆಟ್ಟಿಗೆಯಲ್ಲಿ ಹಾಕಿದ್ದರು. ಗಲಾಟೆ ಆಯಿತು. 1966ರಲ್ಲಿ ಮಹಾಜನ ಆಯೋಗ ಮಾಡಿದರು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದು 1967ರಲ್ಲಿ ಆಯೋಗ ಹೇಳಿತು. ಅಂದರೆ ಟ್ರೇಲರ್ ಬಂತು. ಕವಿ ಕೈಯಾರ ಕಿಞ್ಞಣ್ಣ ರೈಗಳು ನಮ್ಮ ಬದಿಯಡ್ಕದ ಹತ್ತಿರವೇ ಇದ್ದು ಅದಕ್ಕಾಗಿ ಕಾದರು, ಬರೆದರು, ಹೋರಾಡಿದರು. 1915ರಲ್ಲಿ ಹುಟ್ಟಿ 2015ರವರೆಗೆ ನೂರು ವರ್ಷ ಬದುಕಿದರು. ಡೌನ್‌ಲೋಡ್ ಸುರುವಾಗಲಿಲ್ಲ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನು ಕಾದುನೋಡುವವರ ವಂಶದವನೇ. ತಲೆ ಆಡಿಸಿ ಕೇಳಿದ. "ಪ್ರಿ-ಆರ್ಡರ್ ಮಾಡಿದವರಿಗೆ ದುಡ್ಡು ವಾಪಸ್ ಕೊಟ್ಟರಾ?"

ಮೊನ್ನೆ ಅವನೇ ಕರೆದ. "ಮಾವ, ಬನ್ನಿ. ಕವಚ ನೋಡಿ." ನೋಡಿದೆ. ದುಡ್ಡು ನನ್ನದಾದ್ದರಿಂದ ಕನ್ನಡಕ ಹಾಕಿಕೊಂಡೇ ನೋಡಿದೆ. ಒಪ್ಪಿಕೊಳ್ಳಬೇಕು, ಚಂದ ಉಂಟು. ನಮ್ಮ ರಾಜವೇಷದ ಭುಜಕೀರ್ತಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಕುದುರೆ ಕಾಡು ದಾಟಿತು, ಹೊಳೆ ದಾಟಿತು, ಗುಡ್ಡ ಹತ್ತಿತು. ಎದುರಿಗೆ ಇನ್ನೊಂದು ಸೀಮೆ ಕಾಣುತ್ತಿತ್ತು. ಹಸಿರು ಕಣಿವೆ, ಅದರಾಚೆ ನೀಲಿ ಬೆಟ್ಟ. ಅಳಿಯ ಕುದುರೆಯನ್ನು ಓಡಿಸಿದ. ಅದು ಗಾಳಿಗೆ ಢಿಕ್ಕಿ ಹೊಡೆದು ನಿಂತಿತು. ಗೋಡೆ ಇಲ್ಲ, ಬೇಲಿ ಇಲ್ಲ. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು. ಆ ಕಡೆ ಹೋಗಲಿಕ್ಕಾಗುವುದಿಲ್ಲ, ಹಿಂದೆ ತಿರುಗಿ.

ನನಗೆ ತಲಪಾಡಿ ನೆನಪಾಯಿತು. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ರಾತ್ರೋರಾತ್ರಿ ಮಣ್ಣು ಸುರಿದು ಮಂಗಳೂರಿನ ದಾರಿ ಮುಚ್ಚಿದ್ದರಲ್ಲ, ಆಗ ಇಷ್ಟು ಮರ್ಯಾದೆಯಲ್ಲಿ ಯಾರೂ ಹೇಳಿರಲಿಲ್ಲ.

ಅಳಿಯ ಎಡಕ್ಕೆ ಹೋಗಿ ನೋಡಿದ. ಬಲಕ್ಕೆ ಹೋಗಿ ನೋಡಿದ. ಅದೇ ಸಾಲು. ಕವಚ ತೊಟ್ಟ ಕುದುರೆ ಕಾಲು ಕೆರೆಯುತ್ತಾ ಆಚೆಯ ಬೆಟ್ಟ ನೋಡುತ್ತಾ ನಿಂತಿತು.

"ಆಚೆ ಕಾಣುತ್ತದಲ್ಲ, ಮತ್ತೆ ಯಾಕೆ ಬಿಡುವುದಿಲ್ಲ?" ಎಂದು ಕೇಳಿದೆ.

"ಅದು ಈ ಆಟದಲ್ಲಿ ಇಲ್ಲ ಮಾವ. ಮುಂದೆ ಯಾವಾಗಲಾದರೂ ಡಿಎಲ್‌ಸಿ ಬಂದರೆ ಉಂಟು."

ನಾನು ಮೆಲ್ಲ ಬಾಗಿಲು ಓರೆ ಮಾಡಿ, ಅಕ್ಕನ ಮಗನ ಹತ್ತಿರವೇ ಕುಳಿತು ಕೇಳಿದೆ. "ಎಷ್ಟಾಗಬಹುದು?"