ಬ್ಲೀಚಿಂಗ್ ಮಾಡಿದ ದಿನವೇ ಶೇಡ್ ತೋರಿಸಬೇಡಿ

ಹಲ್ಲು ಬಿಳಿ ಮಾಡುವ ಚಿಕಿತ್ಸೆಯ ಜಾಹೀರಾತಿನಲ್ಲಿ ಒಂದು ಜೋಡಿ ಫೋಟೋ ಇದ್ದೇ ಇರುತ್ತದೆ. ಎಡಗಡೆ ಹಳದಿ ಹಲ್ಲು, ಬಲಗಡೆ ಬೆಳ್ಳನೆಯ ಹಲ್ಲು, ಕೆಳಗೆ ‘ಒಂದೇ ಗಂಟೆಯಲ್ಲಿ’ ಎಂಬ ಸಾಲು. ಬಲಗಡೆಯ ಫೋಟೋ ಸುಳ್ಳಿರಲಿಕ್ಕಿಲ್ಲ, ಅದನ್ನು ತೆಗೆದ ಹೊತ್ತು ಮಾತ್ರ ತಪ್ಪು. ಒಂದು ಗಂಟೆ ಬಾಯಿ ತೆರೆಸಿ, ತುಟಿ ಕೆನ್ನೆಗಳನ್ನು ರಿಟ್ರ್ಯಾಕ್ಟರ್‌ನಲ್ಲಿ ಎಳೆದಿಟ್ಟು, ಎಂಜಲು ತಾಗದಂತೆ ಹತ್ತಿ ತುಂಬಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಒಣಗುತ್ತದೆ. ಅದರ ಸೂಕ್ಷ್ಮ ಸಂದುಗಳಲ್ಲಿದ್ದ ನೀರು ಹೋಗಿ ಗಾಳಿ ತುಂಬಿಕೊಂಡಾಗ ಬೆಳಕು ಒಳಗಿಳಿಯದೆ ಚದುರಿ ಹಿಂದಿರುಗುತ್ತದೆ. ಹಲ್ಲು ಸುಣ್ಣ ಬಳಿದ ಹಾಗೆ ಕಾಣುತ್ತದೆ. ಬಿಳಿ ಮಾಡುವ ಜೆಲ್ ಹಚ್ಚದೆ ಸುಮ್ಮನೆ ಬಾಯಿ ತೆರೆದು ಕೂರಿಸಿದರೂ ಹಲ್ಲು ತುಸು ತಿಳಿಯಾಗಿ ಕಾಣುವುದು ಇದರಿಂದಲೇ.

ಮನೆಗೆ ಹೋಗಿ ಒಂದೆರಡು ದಿನ ಕಳೆಯುವಷ್ಟರಲ್ಲಿ ಹಲ್ಲು ಮತ್ತೆ ನೀರು ಹೀರಿಕೊಳ್ಳುತ್ತದೆ, ಬಿಳುಪು ಒಂದಿಷ್ಟು ಇಳಿಯುತ್ತದೆ. ಆಗ ರೋಗಿಗೆ ಮೋಸ ಹೋದ ಭಾವನೆ ಬಂದರೆ ತಪ್ಪು ಅವರದಲ್ಲ. ಬಣ್ಣ ನೆಲೆಗೊಳ್ಳಲು ಸುಮಾರು ಎರಡು ವಾರ ಬೇಕು. ಶೇಡ್, ಅಂದರೆ ಹಲ್ಲಿನ ಬಣ್ಣದ ಛಾಯೆ, ಅಳೆಯಬೇಕಾದದ್ದು, ಫೋಟೋ ತೆಗೆಯಬೇಕಾದದ್ದು, ಇನ್ನೊಂದು ಸಿಟ್ಟಿಂಗ್ ಬೇಕೇ ಎಂದು ತೀರ್ಮಾನಿಸಬೇಕಾದದ್ದು ಆಗ. ಇದು ನಮ್ಮ ದಂತವೈದ್ಯ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿದ್ದೂ ಅದೇ ದಿನ ಕನ್ನಡಿ ಹಿಡಿದು ‘ನೋಡಿ, ಎಂಟು ಶೇಡ್ ಬಿಳಿ’ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಆ ಎಂಟರ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಹಲ್ಲಿನ ಬಣ್ಣ ಹೋಲಿಸಿ ನೋಡುವ ಮಾದರಿ ತುಂಡುಗಳ ಸೆಟ್ಟಾದ ವೀಟಾ ಕ್ಲಾಸಿಕಲ್ ಶೇಡ್ ಗೈಡ್‌ನಲ್ಲಿ 16 ತುಂಡುಗಳಿವೆ. ಬ್ಲೀಚಿಂಗ್‌ಗೆ ಅವನ್ನು ಹೊಳಪಿನ ಕ್ರಮದಲ್ಲಿ ಜೋಡಿಸಿಕೊಳ್ಳುತ್ತೇವೆ: ಬಿ1, ಎ1, ಬಿ2, ಡಿ2, ಎ2 ಹೀಗೆ ಹೊರಟು ಕೊನೆಗೆ ಸಿ4. ಈ ಸಾಲಿನಲ್ಲಿ ಎ3ಯಿಂದ ಬಿ1ಕ್ಕೆ ಬಂದರೆ ಎಂಟು ಮೆಟ್ಟಿಲು. ಆದರೆ ಮೆಟ್ಟಿಲುಗಳ ನಡುವಿನ ಅಂತರ ಒಂದೇ ಸಮನಾಗಿಲ್ಲ. ಅಕ್ಕಪಕ್ಕದ ಕೆಲವು ತುಂಡುಗಳ ವ್ಯತ್ಯಾಸ ಕಣ್ಣಿಗೆ ಹತ್ತುವುದೇ ಇಲ್ಲ. ಅದಕ್ಕೇ ಸಂಖ್ಯೆಗಿಂತ ಫೋಟೋ ಮೇಲು. ಚಿಕಿತ್ಸೆಗೆ ಮುಂಚೆ, ಹಲ್ಲು ಒದ್ದೆಯಾಗಿರುವಾಗಲೇ, ಹಗಲು ಬೆಳಕಿನಲ್ಲಿ, ಶೇಡ್ ತುಂಡನ್ನು ಹಲ್ಲಿನ ಪಕ್ಕಕ್ಕೆ ಹಿಡಿದು ತೆಗೆಯಿರಿ. ಎರಡು ವಾರದ ನಂತರ ಅದೇ ತುಂಡು, ಅದೇ ಬೆಳಕು. ಲಿಪ್‌ಸ್ಟಿಕ್ ಇದ್ದರೆ ಮೊದಲೇ ಒರೆಸಿಬಿಡಬೇಕು, ಪಕ್ಕದ ಗಾಢ ಬಣ್ಣ ಕಣ್ಣಿನ ಅಂದಾಜನ್ನು ಕೆಡಿಸುತ್ತದೆ.

ಇನ್ನು ಜೆಲ್ ಹಚ್ಚಿದ ಹಲ್ಲಿನ ಮೇಲೆ ಬಿಡುವ ನೀಲಿ ದೀಪ. ನಿಜವಾಗಿ ಕೆಲಸ ಮಾಡುವುದು ಜೆಲ್ ಒಳಗಿನ ಪೆರಾಕ್ಸೈಡ್. ಅದು ಎನಾಮಲ್ ದಾಟಿ ಅದರ ಕೆಳಪದರವಾದ ಡೆಂಟಿನ್‌ಗೆ ಇಳಿದು, ಬಣ್ಣ ಕೊಡುವ ದೊಡ್ಡ ಅಣುಗಳನ್ನು ಆಕ್ಸಿಡೀಕರಣದಿಂದ ಒಡೆದು, ಬೆಳಕನ್ನು ಕಡಿಮೆ ಹೀರುವ ಅಣುಗಳಾಗಿ ಮಾಡುತ್ತದೆ. ಇದಕ್ಕೆ ಬೇಕಾದದ್ದು ಸಾಂದ್ರತೆ ಮತ್ತು ಸಮಯ. ದೀಪ ಹಾಕಿದ ಗುಂಪಿಗೂ ಹಾಕದ ಗುಂಪಿಗೂ ಕೆಲವು ವಾರಗಳ ನಂತರ ಹೇಳಿಕೊಳ್ಳುವ ವ್ಯತ್ಯಾಸ ಉಳಿಯುವುದಿಲ್ಲ ಎಂದು ವಿಮರ್ಶಾ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ದೀಪ ಮಾಡುವುದು ಬಹುಪಾಲು ಹಲ್ಲನ್ನು ಇನ್ನಷ್ಟು ಒಣಗಿಸುವ ಕೆಲಸ. ಬಿಸಿಯಾಗುವ ದೀಪವಾದರೆ ಹಲ್ಲಿನೊಳಗಿನ ಜೀವಂತ ತಿರುಳಾದ ಪಲ್ಪ್‌ಗೂ ಅಪಾಯ. ಪಲ್ಪ್‌ನ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಕೆಲವು ಹಲ್ಲುಗಳು ಚೇತರಿಸಿಕೊಳ್ಳುವುದಿಲ್ಲ ಎಂದು ಜಾಕ್ ಮತ್ತು ಕೋಹೆನ್ 1965ರಲ್ಲೇ ಕೋತಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದ್ದರು. ‘ದೀಪ ಇಲ್ಲವೇ ಡಾಕ್ಟ್ರೇ?’ ಎಂದು ರೋಗಿಗಳು ಕೇಳುತ್ತಾರೆ. ಬೇಕಾಗಿಲ್ಲ ಎಂದು ಧೈರ್ಯವಾಗಿ ಹೇಳಿ.

ಜೆಲ್‌ಗಿಂತ ಮುಂಚಿನ ಪ್ರಶ್ನೆ ಒಂದಿದೆ: ಬಣ್ಣ ಯಾಕೆ ಕೆಟ್ಟಿತು? ಹೊರಗಿನ ಕಲೆ ಮತ್ತು ಗಾರೆಯಾದರೆ ಸ್ಕೇಲಿಂಗ್, ಪಾಲಿಶಿಂಗ್ ಮಾಡಿದರೆ ಹೋಗುತ್ತದೆ. ಅಷ್ಟಕ್ಕೇ ತೃಪ್ತರಾಗಿ ಹೋಗುವವರೂ ಇದ್ದಾರೆ, ಅವರಿಗೆ ಬ್ಲೀಚಿಂಗ್ ಮಾರುವುದು ಬೇಡ. ವಯಸ್ಸಿನಿಂದ ಬಂದ ಹಳದಿ ಚೆನ್ನಾಗಿ ಸ್ಪಂದಿಸುತ್ತದೆ. ಬೂದು, ನೀಲಿ ಛಾಯೆ ಮೊಂಡು. ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್‌ನಲ್ಲಿ ಕಂದು ಕಲೆ ತಿಳಿಯಾಗಬಹುದು, ಆದರೆ ಬಿಳಿ ಚುಕ್ಕೆಗಳು ಎಲ್ಲಿಗೂ ಹೋಗುವುದಿಲ್ಲ. ಮೊದಲ ಕೆಲವು ದಿನ ಅವು ಇನ್ನೂ ಎದ್ದು ಕಾಣುತ್ತವೆ. ಇದನ್ನು ಮುಂಚೆ ಹೇಳಿದರೆ ವಿವರಣೆ, ಆಮೇಲೆ ಹೇಳಿದರೆ ನೆಪ. ಒಂದೇ ಒಂದು ಹಲ್ಲು ಕಪ್ಪಾಗಿದ್ದರೆ ಎಕ್ಸ್-ರೇ ತೆಗೆಯದೆ, ಪಲ್ಪ್ ಜೀವಂತವಾಗಿದೆಯೇ ಎಂದು ಪರೀಕ್ಷಿಸದೆ ಜೆಲ್ ಮುಟ್ಟಲೇಬಾರದು. ಹಳೆಯ ಪೆಟ್ಟಿನಿಂದ ಪಲ್ಪ್ ಸತ್ತಿರಬಹುದು, ಬೇರಿನ ತುದಿಯಲ್ಲಿ ಸೋಂಕಿರಬಹುದು, ಹಲ್ಲು ಒಳಗಿಂದ ಕರಗುತ್ತಿರಬಹುದು.

ಕ್ಯಾಪ್, ವಿನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ), ಹಲ್ಲಿನ ಬಣ್ಣದ ಫಿಲ್ಲಿಂಗ್ ಯಾವುದೂ ಬಿಳಿಯಾಗುವುದಿಲ್ಲ. ಮುಂಭಾಗದಲ್ಲಿ ಅವು ಇದ್ದರೆ ಚಿಕಿತ್ಸೆಯ ನಂತರ ಅವೇ ಹಳದಿಯಾಗಿ ಉಳಿದು ಎದ್ದು ಕಾಣುತ್ತವೆ, ಬದಲಾಯಿಸುವ ಖರ್ಚು ಸೇರುತ್ತದೆ. ಒಸಡು ಇಳಿದು ತೆರೆದುಕೊಂಡ ಬೇರೂ ಹೆಚ್ಚೇನೂ ಬೆಳ್ಳಗಾಗುವುದಿಲ್ಲ, ಜುಮ್ಮೆನ್ನುವುದು ಮಾತ್ರ ಹೆಚ್ಚುತ್ತದೆ. ಹುಳುಕು, ಸೋರುವ ಫಿಲ್ಲಿಂಗ್, ಬಿರುಕು ಇದ್ದರೆ ಮೊದಲು ಅವನ್ನು ಸರಿಪಡಿಸಬೇಕು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ಮುಂದೂಡಬಹುದಾದ ಚಿಕಿತ್ಸೆ, ಮುಂದೂಡಿ.

ಕುರ್ಚಿಯಲ್ಲಿ ಕೂರಿಸಿ ಮಾಡುವ ಬ್ಲೀಚಿಂಗ್‌ನಲ್ಲಿ 25ರಿಂದ 40% ಹೈಡ್ರೋಜನ್ ಪೆರಾಕ್ಸೈಡ್ ಬಳಕೆಯಲ್ಲಿದೆ. ಚರ್ಮ, ಒಸಡು, ಕಣ್ಣು ಸುಡುವಷ್ಟು ತೀಕ್ಷ್ಣ ಅದು. ರೋಗಿಗೂ ನಮಗೂ ಕನ್ನಡಕ ಬೇಕು, ತುಟಿಗೆ ವ್ಯಾಸಲೀನ್ ಬೇಕು. ಸ್ಕೇಲಿಂಗ್ ಮಾಡಿ ಒಸಡಿನಿಂದ ರಕ್ತ ಬಂದಿದ್ದರೆ ಅದೇ ದಿನ ಬ್ಲೀಚಿಂಗ್ ಬೇಡ, ಒಂದು ವಾರ ಬಿಟ್ಟು ಕರೆಸಿ. ಇಡೀ ಕೆಲಸದ ಗುಣಮಟ್ಟ ನಿಂತಿರುವುದು ಒಸಡಿನ ರಕ್ಷಣೆಯ ಮೇಲೆ. ಒಸಡನ್ನೂ ಹಲ್ಲನ್ನೂ ಗಾಳಿಯಿಂದ ಒಣಗಿಸಿ, ಬೆಳಕು ಬಿಟ್ಟಾಗ ಗಟ್ಟಿಯಾಗಿ ಒಸಡಿಗೆ ತಡೆಯಾಗುವ ದ್ರವ ರೆಸಿನ್ ಡ್ಯಾಮನ್ನು ಒಸಡಿನ ಅಂಚಿನ ಉದ್ದಕ್ಕೂ ಹಾಕಿ, ಎನಾಮಲ್ ಮೇಲೆ ಅರ್ಧ ಮಿ.ಮೀ. ಹತ್ತುವಂತೆ ಎಳೆಯಬೇಕು. ಹಲ್ಲುಗಳ ನಡುವಿನ ಒಸಡಿನ ತುದಿಯೂ ಮುಚ್ಚಬೇಕು, ಸಾಮಾನ್ಯವಾಗಿ ಸುಡುವುದು ಅಲ್ಲೇ. ರೆಸಿನ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಹಾಗಾಗಿ ಕ್ಯೂರಿಂಗ್ ಲೈಟನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಆಮೇಲೆ ಸಣ್ಣ ಕನ್ನಡಿ ಹಿಡಿದು ಹಲ್ಲಿನ ಅಂಚಿನ ಕಡೆಯಿಂದ ನೋಡಿ. ಗುಲಾಬಿ ಬಣ್ಣ ಒಂದು ಕೂದಲೆಳೆಯಷ್ಟು ಕಂಡರೂ ಮತ್ತೆ ಮುಚ್ಚಿ.

ಜೆಲ್ ಒಂದರಿಂದ ಎರಡು ಮಿ.ಮೀ. ದಪ್ಪ ಸಾಕು. ಅವಧಿ ಆಯಾ ಜೆಲ್ ತಯಾರಕರು ಹೇಳಿದಷ್ಟು, ಸಾಮಾನ್ಯವಾಗಿ 15 ನಿಮಿಷದಂತೆ ಎರಡು ಅಥವಾ ಮೂರು ಬಾರಿ. ನಡುವೆ ನೀರು ಹಾಯಿಸಬೇಡಿ. ಮೊದಲು ಸಕ್ಷನ್‌ನಿಂದ ಜೆಲ್ ಎಳೆದು, ಒದ್ದೆ ಹತ್ತಿಯಿಂದ ಒರೆಸಿ. ನೀರು ಹಾಯಿಸಿದರೆ ಜೆಲ್ ಡ್ಯಾಮ್ ಕೆಳಗೆ ನುಸುಳುತ್ತದೆ. ಅರಿವಳಿಕೆ ಕೊಟ್ಟು ಮಾಡುವವರಿದ್ದಾರೆ, ಇದು ಅಪಾಯಕಾರಿ ಅಭ್ಯಾಸ. ‘ಇಲ್ಲಿ ಉರೀತಿದೆ’ ಎಂಬ ರೋಗಿಯ ಮಾತೇ ನಮಗಿರುವ ಎಚ್ಚರಿಕೆ, ಅದನ್ನು ನಾವೇ ಬಾಯಿ ಮುಚ್ಚಿಸಬಾರದು. ಒಸಡು ಬೆಳ್ಳಗಾಗಿ ಉರಿದರೆ ಜೆಲ್ ತೆಗೆದು ಧಾರಾಳ ನೀರಿನಿಂದ ತೊಳೆದು ವಿಟಮಿನ್ ಇ ಎಣ್ಣೆ ಸವರಿ. ಸಣ್ಣ ಸುಟ್ಟ ಗುರುತು ಸಾಮಾನ್ಯವಾಗಿ ಕೆಲ ಗಂಟೆಗಳಿಂದ ಒಂದೆರಡು ದಿನದಲ್ಲಿ ಹೋಗುತ್ತದೆ.

ಕೆಳಗಿನ ಬಾಚಿಹಲ್ಲುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅಲ್ಲಿ ಎನಾಮಲ್, ಡೆಂಟಿನ್ ಎರಡೂ ತೆಳು. ಪೆರಾಕ್ಸೈಡ್ ಕೆಲವೇ ನಿಮಿಷಗಳಲ್ಲಿ ಪಲ್ಪ್ ತಲುಪುತ್ತದೆ. ಕೀಳಲೆಂದು ನಿಗದಿಯಾಗಿದ್ದ ಹಲ್ಲುಗಳಿಗೆ 38% ಜೆಲ್ ಹಚ್ಚಿ, ಆಮೇಲೆ ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದ ಅಧ್ಯಯನದಲ್ಲಿ ಕೆಳಗಿನ ಬಾಚಿಹಲ್ಲುಗಳ ಪಲ್ಪ್‌ನಲ್ಲಿ ಭಾಗಶಃ ಅಂಗಾಂಶ ಸಾವು ಕಂಡಿದೆ, ಮುಂದವಡೆ ಹಲ್ಲುಗಳಲ್ಲಿ ಕಂಡಿಲ್ಲ. ಮೇಲಿನ ಕೋರೆಹಲ್ಲಿಗೆ ಹಚ್ಚಿದಷ್ಟೇ ಹೊತ್ತು ಕೆಳಗಿನ ಬಾಚಿಹಲ್ಲಿಗೂ ಹಚ್ಚಿಡುವುದು ಯಾವ ನ್ಯಾಯ?

ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಳ್ಳುವ ಬದಲು ನನ್ನ ಮೊದಲ ಆಯ್ಕೆ ರಾತ್ರಿ ಜೆಲ್ ತುಂಬಿ ಹಲ್ಲಿನ ಸಾಲಿಗೆ ಹಾಕಿಕೊಳ್ಳುವ ತೆಳು ಅಚ್ಚು, ಅಂದರೆ ಟ್ರೇ. 1989ರಲ್ಲಿ ಹೇವುಡ್ ಮತ್ತು ಹೇಮನ್ 10% ಕಾರ್ಬಮೈಡ್ ಪೆರಾಕ್ಸೈಡ್ ಬಳಸುವ ಈ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಇದಕ್ಕಿರುವಷ್ಟು ದೀರ್ಘ ಅನುಭವ ಬೇರೆ ವಿಧಾನಕ್ಕಿಲ್ಲ. 10% ಎಂದ ಕೂಡಲೇ ಹೈಡ್ರೋಜನ್ ಪೆರಾಕ್ಸೈಡ್‌ನ ಶೇಕಡಾವಾರಿನ ಜೊತೆ ಹೋಲಿಸಬೇಡಿ. ಈ ಕಾರ್ಬಮೈಡ್ ಪೆರಾಕ್ಸೈಡ್ ಒಡೆದಾಗ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 3.5% ಮಾತ್ರ. ಆದರೆ ಬಿಡುಗಡೆ ನಿಧಾನ. ಎರಡು ಗಂಟೆಯ ನಂತರವೂ ಟ್ರೇಯಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ವ ಉಳಿದಿರುತ್ತದೆ, ಹತ್ತು ಗಂಟೆಯ ನಂತರ ಸುಮಾರು 10%. ಅರ್ಧ ಗಂಟೆ ಹಾಕಿ ತೆಗೆದರೆ ಜೆಲ್ ದಂಡ.

ಟ್ರೇ ಚೆನ್ನಾಗಿ ಕೂರಬೇಕಾದರೆ ಅಳತೆ ಚೆನ್ನಾಗಿರಬೇಕು. ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್‌ನಲ್ಲಿ ಒಸಡಿನ ಅಂಚು ಸ್ಪಷ್ಟವಾಗಿ ಬಂದಿದೆಯೇ, ಗುಳ್ಳೆ ಇಲ್ಲವೇ ನೋಡಿ, ತಡಮಾಡದೆ ಅದಕ್ಕೆ ಸ್ಟೋನ್ (ಮಾಡೆಲ್ ಮಾಡುವ ಗಟ್ಟಿ ಪ್ಲಾಸ್ಟರ್) ಸುರಿಯಿರಿ. ಅಂಗುಳಿನ ಭಾಗ ಕತ್ತರಿಸಿ ಮಾಡೆಲನ್ನು ಲಾಳದ ಆಕಾರಕ್ಕೆ ತನ್ನಿ, ಹಾಗೆ ಮಾಡದಿದ್ದರೆ ವ್ಯಾಕ್ಯೂಮ್ ಯಂತ್ರದಲ್ಲಿ ಹಾಳೆ ಸರಿಯಾಗಿ ಅಂಟದೆ ಸುಕ್ಕುಗಟ್ಟುತ್ತದೆ. ಸುಮಾರು ಒಂದು ಮಿ.ಮೀ. ದಪ್ಪದ ಮೆತ್ತನೆಯ ಹಾಳೆ ಸಾಕು. ಜೆಲ್ ನಿಲ್ಲಲೆಂದು ಮಾಡೆಲ್ ಮೇಲೆ ರೆಸಿನ್ ಹಚ್ಚಿ ಜಾಗ ಬಿಡುವ ಪದ್ಧತಿ ಇದೆ, ಅದರಿಂದ ಬಿಳುಪು ಹೆಚ್ಚುವುದಿಲ್ಲ, ಜೆಲ್ ಖರ್ಚು ಹೆಚ್ಚುತ್ತದೆ. ಕತ್ತರಿಸಿದ ಅಂಚನ್ನು ನಯ ಮಾಡಿ, ಬಾಯಲ್ಲಿ ಹಾಕಿ ನೋಡಿಯೇ ಕೊಡಿ.

ಪ್ರತಿ ಹಲ್ಲಿನ ಮುಂಭಾಗಕ್ಕೆ ಒಂದು ಸಣ್ಣ ಬಿಂದು ಜೆಲ್. ಉಕ್ಕಿ ಒಸಡಿನ ಮೇಲೆ ಬಂದದ್ದನ್ನು ಬೆರಳಿನಿಂದಲೋ ಮೆತ್ತನೆಯ ಬ್ರಷ್‌ನಿಂದಲೋ ಒರೆಸಬೇಕು. ಮೇಲಿನ ಸಾಲು ಮೊದಲು ಮಾಡಿ, ಕೆಳಗಿನದು ಆಮೇಲೆ. ಹೋಲಿಸಿ ನೋಡಲು ರೋಗಿಯ ಬಾಯಲ್ಲೇ ಅಳತೆ ಸಿಗುತ್ತದೆ. ಸಾಮಾನ್ಯ ಹಳದಿಗೆ ಎರಡರಿಂದ ಆರು ವಾರ. ತಂಬಾಕಿನ ಕಲೆಗೆ ಒಂದರಿಂದ ಮೂರು ತಿಂಗಳು. ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್‌ನಿಂದಾದ ಕಲೆಗೆ ಎರಡರಿಂದ ಆರು ತಿಂಗಳು, ಕೆಲವರಲ್ಲಿ ವರ್ಷ. ಅದರಲ್ಲೂ ಒಸಡಿನ ಹತ್ತಿರದ ಭಾಗ ಕೊನೆಯವರೆಗೂ ಹಟ ಹಿಡಿಯುತ್ತದೆ.

ಜುಮ್ಮೆನ್ನುವುದು ಬಹಳ ಮಂದಿಗೆ ಆಗುತ್ತದೆ. ಅದು ಹೆಚ್ಚಾಗಿ ತಾತ್ಕಾಲಿಕ. ಚಿಕಿತ್ಸೆಗೆ ಎರಡು ವಾರ ಮುಂಚಿನಿಂದ 5% ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟಿನಲ್ಲಿ ಉಜ್ಜಿಸಿ. ತೊಂದರೆ ಹೆಚ್ಚಾದರೆ ಅದೇ ಟ್ರೇಯಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಜೆಲ್ ಹಾಕಿ 10ರಿಂದ 30 ನಿಮಿಷ ಇಡಿಸಿ, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಮುಂದುವರಿಸಿ. ಹಟ ಹಿಡಿದು ಸಹಿಸಿಕೊಂಡರೆ ಬೇಗ ಬಿಳಿಯಾಗುವುದಿಲ್ಲ.

ರೂಟ್ ಕೆನಾಲ್ ಆಗಿ ಕಪ್ಪಾದ ಹಲ್ಲನ್ನು ಒಳಗಿನಿಂದ ಬಿಳಿ ಮಾಡಬೇಕು. ಬೇರಿನ ಕಾಲುವೆ ತುಂಬಿದ ಗಟಾಪರ್ಚಾವನ್ನು ಎನಾಮಲ್ ಮತ್ತು ಬೇರು ಸೇರುವ ಗೆರೆಗಿಂತ ಎರಡು ಮೂರು ಮಿ.ಮೀ. ಕೆಳಗೆ ತೆಗೆದು, ಅದರ ಮೇಲೆ ಕನಿಷ್ಠ ಎರಡು ಮಿ.ಮೀ. ಗ್ಲಾಸ್ ಅಯನೋಮರ್ ಸಿಮೆಂಟಿನ ಮುಚ್ಚಳ ಹಾಕಬೇಕು. ಈ ಮುಚ್ಚಳ ಬಿಟ್ಟರೆ ಪೆರಾಕ್ಸೈಡ್ ಬೇರಿನ ಹೊರಗೆ ಸೋರಿ, ವರ್ಷಗಳ ನಂತರ ಬೇರು ಹೊರಗಿನಿಂದ ಕರಗಲು ಶುರುವಾಗಬಹುದು. ಹಿಂದೆ 30% ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಸಿ ಮಾಡುತ್ತಿದ್ದ ಹಲ್ಲುಗಳಲ್ಲಿ ಇದು ಹೆಚ್ಚಾಗಿ ಕಂಡಿತು. ಬಿಳಿ ಮಾಡುವ ಪುಡಿಯಾದ ಸೋಡಿಯಂ ಪರ್ಬೋರೇಟನ್ನು ನೀರಿನಲ್ಲಿ ಕಲಸಿ, ಒದ್ದೆ ಮರಳಿನ ಹದಕ್ಕೆ ತಂದು ತುಂಬಿ, ಮೂರು ಮಿ.ಮೀ. ದಪ್ಪದ ತಾತ್ಕಾಲಿಕ ಫಿಲ್ಲಿಂಗ್‌ನಿಂದ ಮುಚ್ಚಿ, ಮೂರರಿಂದ ಏಳು ದಿನಕ್ಕೊಮ್ಮೆ ಬದಲಾಯಿಸುವುದು ಸುರಕ್ಷಿತ. ಮೂರು ನಾಲ್ಕು ಸಲಕ್ಕೂ ಬದಲಾಗದಿದ್ದರೆ ನಿಲ್ಲಿಸಿ.

ಯಾವ ವಿಧಾನವಾದರೂ ಫಿಲ್ಲಿಂಗ್ ಬದಲಾಯಿಸುವ ಅವಸರ ಬೇಡ. ಹಲ್ಲಿನೊಳಗೆ ಉಳಿದ ಆಮ್ಲಜನಕ ರೆಸಿನ್ ಗಟ್ಟಿಯಾಗುವುದನ್ನು ತಡೆಯುತ್ತದೆ, ಬಂಧ ದುರ್ಬಲವಾಗುತ್ತದೆ. ಎರಡು ವಾರ ಕಾದರೆ ಬಂಧವೂ ಗಟ್ಟಿ, ಶೇಡ್ ಹೊಂದಿಕೆಯೂ ಸರಿ.

ಬಿಳುಪು ಶಾಶ್ವತವಲ್ಲ. ಒಂದರಿಂದ ಮೂರು ವರ್ಷದಲ್ಲಿ ತುಸು ಹಿಂದಕ್ಕೆ ಜಾರುತ್ತದೆ. ಹಾಗಾದಾಗ ಇಡೀ ಚಿಕಿತ್ಸೆಯನ್ನು ಮತ್ತೆ ಮಾರಬೇಡಿ. ಹಳೆಯ ಟ್ರೇ ಹಾಕಿ ನೋಡಿ. ನಡುವೆ ಹೊಸ ಫಿಲ್ಲಿಂಗ್, ಕ್ಯಾಪ್ ಆಗಿದ್ದರೆ ಅದು ಕೂರುವುದಿಲ್ಲ, ಹೊಸದು ಬೇಕು. ಕೂತರೆ ಒಂದು ಸಿರಿಂಜ್ ಜೆಲ್, ಎರಡರಿಂದ ನಾಲ್ಕು ರಾತ್ರಿ. ಮನೆಯಲ್ಲಿ ಉಳಿದಿರುವ ಹಳೆಯ ಸಿರಿಂಜ್ ಬೇಡ. ಫ್ರಿಜ್‌ನಲ್ಲಿಡದೆ ಬಿಟ್ಟ ಪೆರಾಕ್ಸೈಡ್ ತಾನಾಗಿಯೇ ಸತ್ವ ಕಳೆದುಕೊಂಡಿರುತ್ತದೆ.