ಬೆವರಿಳಿಸುವ ವಿದ್ಯೆ

ಮತ್ತೊಬ್ಬ ಎಂಎಂಎ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್) ಫೈಟರ್ ತೂಕ ತಪ್ಪಿದ್ದಾರೆ, ಅಂದರೆ ಫೈಟಿನ ಹಿಂದಿನ ದಿನ ತಮ್ಮ ವಿಭಾಗದ ಮಿತಿಗಿಂತ ಜಾಸ್ತಿ ತೂಗಿದ್ದಾರೆ. ಹೆಸರು ಹೇಳಿ ಪ್ರಯೋಜನವಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ಇನ್ನೊಬ್ಬರು ತಪ್ಪಿರುತ್ತಾರೆ. ವಿಡಿಯೊ ನೀವೂ ನೋಡಿಯೇ ಇರುತ್ತೀರಿ. ಇಬ್ಬರು ತೋಳು ಹಿಡಿದು ನಡೆಸಿಕೊಂಡು ಬರುತ್ತಾರೆ. ಕೆನ್ನೆ ಒಳಗೆ ಹೋಗಿದೆ, ತುಟಿ ಒಡೆದಿದೆ, ಕಣ್ಣು ಎಲ್ಲೋ ನೋಡುತ್ತಿದೆ. ತೂಕದ ಮಷಿನ್ ನೆಲದಿಂದ ಒಂದು ಗೇಣು ಎತ್ತರವೂ ಇಲ್ಲ, ಅದನ್ನು ಹತ್ತಲು ಎರಡು ಸಲ ಪ್ರಯತ್ನ. ನಾಳೆ ರಾತ್ರಿ ಇದೇ ಮನುಷ್ಯ ಪಂಜರದೊಳಗೆ ನಿಂತು ಇನ್ನೊಬ್ಬನ ದವಡೆ ಮುರಿಯಬೇಕು.

ನನ್ನ ಪಕ್ಕ ಕೂತು ನೋಡುತ್ತಿದ್ದ ಗೆಳೆಯ, 'ಇವನು ಪ್ರೊಫೆಷನಲ್ಲೇ ಅಲ್ಲ ಬಿಡೋ' ಅಂದ. ಒಂದು ಮಹಡಿ ಹತ್ತಿ ಬಂದದ್ದಕ್ಕೆ ಅವನಿಗೆ ಇನ್ನೂ ಏದುಸಿರು ಇಳಿದಿರಲಿಲ್ಲ.

ಎಂಎಂಎ ಅಂದರೆ ಏನೇನು ಕಲಿಯಬೇಕು ಅಂತ ಯಾರಾದರೂ ಕೇಳಿದರೆ ದೊಡ್ಡ ಪಟ್ಟಿ ಸಿಗುತ್ತದೆ. ಬಾಕ್ಸಿಂಗಿನ ಕೈ, ಮುವಾಯ್ ಥಾಯ್‌ನ ಮೊಣಕೈ ಮೊಣಕಾಲು, ಕುಸ್ತಿಯ ಟೇಕ್‌ಡೌನ್, ಜಿಜುತ್ಸುವಿನ ಚೋಕ್. ಒಂದೊಂದಕ್ಕೂ ಒಂದೊಂದು ಜನ್ಮ ಬೇಕು. ನಾನೂ ಒಂದು ಕಾಲದಲ್ಲಿ ಆರು ತಿಂಗಳು ಹೋಗಿದ್ದೆ. ನೆಟ್ಟಗೆ ಕಲಿತದ್ದು ಒಂದೇ. ಕೆಳಗೆ ಸಿಕ್ಕಿಕೊಂಡಾಗ ಸೊಂಟ ಎತ್ತಿ, ಪಕ್ಕಕ್ಕೆ ಹೊರಳಿ, ಸಿಗಡಿ ಹಾಗೆ ಮುದುಡಿ ಹಿಂದಕ್ಕೆ ಜಾರುವುದು. ಅದನ್ನು ಅಲ್ಲಿ ಶ್ರಿಂಪ್ ಅಂತಲೇ ಕರೆಯುತ್ತಾರೆ. ಮ್ಯಾಟಿನ ಈ ತುದಿಯಿಂದ ಆ ತುದಿಗೆ, ಮತ್ತೆ ವಾಪಸ್. ಸಿಗಡಿಗೂ ಇಷ್ಟು ಕಷ್ಟ ಇರಲಿಕ್ಕಿಲ್ಲ.

ಆದರೆ ಇವೆಲ್ಲ ಸಣ್ಣಪುಟ್ಟ ವಿದ್ಯೆಗಳು. ಎಂಟು ಹತ್ತು ವಾರದ ಕ್ಯಾಂಪಿನಲ್ಲಿ ಇವನ್ನೆಲ್ಲ ಅರೆದು ಕುಡಿದವನು ಕೊನೆಯ ವಾರ ಬಂದ ತಕ್ಷಣ ಎಲ್ಲ ಬದಿಗಿಟ್ಟು ಮಹಾವಿದ್ಯೆಗೆ ಕೂರುತ್ತಾನೆ. ಅದು ಬೆವರುವ ವಿದ್ಯೆ. ವೇಟ್ ಕಟ್, ಅಂದರೆ ಮಿತಿ ಮುಟ್ಟಲು ತೂಕ ಇಳಿಸುವುದು.

ಅದರ ಕ್ರಮ ಹೀಗೆ. ವಾರದ ಮೊದಲಲ್ಲಿ ದಿನಕ್ಕೆ ಏಳೆಂಟು ಲೀಟರ್ ನೀರು ಕುಡಿಯಬೇಕು. ದೇಹಕ್ಕೆ 'ಓಹೋ, ನೀರಿಗೆ ಬರವಿಲ್ಲ' ಅಂತ ನಂಬಿಕೆ ಬರುತ್ತದೆ. ಧಾರಾಳವಾಗಿ ಹೊರಗೆ ಹಾಕಲು ಶುರು ಮಾಡುತ್ತದೆ. ಆಗ ಇದ್ದಕ್ಕಿದ್ದ ಹಾಗೆ ನೀರು ನಿಲ್ಲಿಸಬೇಕು. ದೇಹ ಪಾಪ, ಹಳೇ ಅಭ್ಯಾಸದಲ್ಲಿ ಹೊರಗೆ ಹಾಕುತ್ತಲೇ ಇರುತ್ತದೆ. ಎದುರಾಳಿಗೆ ಬಲಗೈ ತೋರಿಸಿ ಎಡಗೈಯಲ್ಲಿ ಹೊಡೆಯುವ ಮೊದಲು ಸ್ವಂತ ಮೂತ್ರಪಿಂಡದ ಮೇಲೆ ಆ ಪಟ್ಟು ಪ್ರಯೋಗ ಮಾಡಿ ನೋಡಬೇಕಲ್ಲ. ಉಪ್ಪು ಬಂದ್. ಕಾರ್ಬೊಹೈಡ್ರೇಟೂ ಬಂದ್. ಯಾಕೆಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಒಂದೊಂದು ಗ್ರಾಂ ಗ್ಲೈಕೊಜೆನ್ ಹತ್ತಿರ ಹತ್ತಿರ 3 ಗ್ರಾಂ ನೀರನ್ನು ಬಚ್ಚಿಟ್ಟುಕೊಂಡಿರುತ್ತದೆ. ಇಷ್ಟೂ ಸಾಲದಿದ್ದರೆ ಚ್ಯೂಯಿಂಗ್ ಗಮ್ ಅಗಿಯುತ್ತಾ ಬಾಟಲಿಗೆ ಉಗುಳುತ್ತಾ ಕೂರುವುದು. ಎಂಜಲಿಗೂ ತೂಕ ಇದೆ ಸ್ವಾಮಿ.

ಕೊನೆಗೆ ಸ್ನಾನದ ತೊಟ್ಟಿ. ಕೈ ಇಟ್ಟರೆ ಚುರ್ ಅನ್ನುವ ನೀರು, ಅದಕ್ಕೆ ಸುರಿದ ಎಪ್ಸಮ್ ಉಪ್ಪು. ಬಾಯಿ, ಮೂಗು ಮಾತ್ರ ಮೇಲೆ. ಸಾಕಾದಾಗ ಎತ್ತಿ ಮಲಗಿಸಿ ನಾಲ್ಕೈದು ಟವೆಲ್ ಸುತ್ತುತ್ತಾರೆ. ಆಮೇಲೆ ಒಂದೊಂದೇ ಬಿಚ್ಚಿ, ಪ್ಲಾಸ್ಟಿಕ್ ಕಾರ್ಡಿನಿಂದ ಬೆನ್ನಿನ ಬೆವರು ಕೆರೆದು ತೆಗೆಯುತ್ತಾರೆ. ಹಳೆಯದು ಹೋದರೆ ಹೊಸದು ಬೇಗ ಬರುತ್ತದಂತೆ. ಆ ಕಾರ್ಡಿನಿಂದ ಮಷಿನ್ನಿನೊಳಗಿನ ದುಡ್ಡು ತೆಗೆಯುವುದನ್ನು ನೋಡಿದ್ದೆ. ಮನುಷ್ಯನೊಳಗಿನ ನೀರು ತೆಗೆಯುವುದನ್ನು ನೋಡಿರಲಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ ಲೆಕ್ಕ ಬಹಳ ಸರಳ. 80 ಕೆಜಿಯ ಇಬ್ಬರು ಹೊಡೆದಾಡಬೇಕು. ಅದಕ್ಕಾಗಿ ಇಬ್ಬರೂ 70 ಕೆಜಿ ಆಗುತ್ತಾರೆ. ತೂಗಿಸಿಕೊಂಡ ತಕ್ಷಣ ಇಬ್ಬರೂ ಗಟಗಟ ಕುಡಿದು ಮತ್ತೆ 80ರ ಹತ್ತಿರ ಹೋಗುತ್ತಾರೆ. ಆಮೇಲೆ ಹೊಡೆದಾಡುತ್ತಾರೆ. ಇದಕ್ಕೆ 70 ಕೆಜಿ ವಿಭಾಗ ಅಂತ ಹೆಸರು. ಎದುರಿನವನು ಇಳಿಸುತ್ತಾನೆ ಅಂತ ಇವನು, ಇವನು ಇಳಿಸುತ್ತಾನೆ ಅಂತ ಅವನು. ಯಾರಿಗೆ ಏನು ಲಾಭ ಆಯಿತು ಅಂತ ಕೇಳಬೇಡಿ. ಕೇಳಿದರೆ ನಿಮಗೆ ಈ ಆಟ ಅರ್ಥ ಆಗಿಲ್ಲ ಅಂತಾರೆ.

ಇನ್ನೂ ಚೆಂದದ ವಿಷಯ ಅಂದರೆ ತೂಕ ಎರಡು ಸಲ ಆಗುತ್ತದೆ. 2016ರಿಂದ, ಎಂಎಂಎ ನಡೆಸುವ ದೊಡ್ಡ ಸಂಸ್ಥೆಯಾದ ಯುಎಫ್‌ಸಿಯಲ್ಲಿ ಅಸಲಿ ತೂಕ ಬೆಳಿಗ್ಗೆಯೇ ಮುಗಿಯುತ್ತದೆ. ಸಂಜೆ ಹೊತ್ತಿಗೆ ಜನರ ಮುಂದೆ, ಲೈಟು ಮ್ಯೂಸಿಕ್ಕಿನ ಜೊತೆ, ಇನ್ನೊಂದು ತೂಕ. ಅಷ್ಟರಲ್ಲಿ ಫೈಟರ್ ಲೀಟರ್‌ಗಟ್ಟಲೆ ಕುಡಿದು ಗುಂಡಗಾಗಿರುತ್ತಾನೆ. ಆದರೂ ಮಷಿನ್ ಹತ್ತಿ ನಿಂತು ತೋಳು ಉಬ್ಬಿಸುತ್ತಾನೆ. ಮೈಕ್ ಹಿಡಿದವರು ಬೆಳಗಿನ ಅಂಕಿಯನ್ನೇ ಕೂಗುತ್ತಾರೆ. ಸಾವಿರಾರು ಜನ ಚಪ್ಪಾಳೆ ತಟ್ಟುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿ ಸುಳ್ಳು ಹೇಳದೆ ಇರುವುದು ಕಾಲಡಿಯ ಮಷಿನ್ ಒಂದೇ, ಅದನ್ನು ಯಾರೂ ಬಗ್ಗಿ ನೋಡುವುದಿಲ್ಲ. ಬೆಳಿಗ್ಗೆಗೆ ತಂದದ್ದು ಯಾಕೆ ಗೊತ್ತಾ? ದೇಹಕ್ಕೆ ಸುಧಾರಿಸಿಕೊಳ್ಳಲು ಜಾಸ್ತಿ ಹೊತ್ತು ಸಿಗಲಿ ಅಂತ. ಜಾಸ್ತಿ ಹೊತ್ತು ಸಿಗುತ್ತದಲ್ಲ ಅಂತ ಇನ್ನೆರಡು ಕೆಜಿ ಜಾಸ್ತಿ ಇಳಿಸುವವರು ಹುಟ್ಟಿಕೊಂಡರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ರಂಗೋಲಿ ಅಂದ ಮೇಲೆ ಟವೆಲ್ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗೊತ್ತಿದ್ದವರು ಮತ್ತೊಮ್ಮೆ ಕೇಳಿ. 2017ರ ಏಪ್ರಿಲ್, ನ್ಯೂಯಾರ್ಕ್ ರಾಜ್ಯದ ಬಫಲೊ, ಯುಎಫ್‌ಸಿ 210 ಅನ್ನುವ ಪಂದ್ಯಾವಳಿ. ಲೈಟ್ ಹೆವಿವೇಟ್ ಚಾಂಪಿಯನ್ ಡ್ಯಾನಿಯಲ್ ಕಾರ್ಮಿಯೆ 205 ಪೌಂಡ್ ತೂಗಬೇಕು. ತೂಗಿದ್ದು 206.2. ಒಳಗೆ ಹೋದರು. ಮೂರು ನಿಮಿಷವೂ ಆಗಿರಲಿಲ್ಲ, ವಾಪಸ್ ಬಂದರು. ಮೈಮೇಲೆ ಬಟ್ಟೆ ಇಲ್ಲ. ಮಾನ ಮುಚ್ಚಲು ಮುಂದೆ ಇಬ್ಬರು ಟವೆಲ್ ಹಿಡಿದು ನಿಂತರು. ಕಾರ್ಮಿಯೆ ಎರಡೂ ಕೈ ಆ ಟವೆಲ್ ಮೇಲೆ ಇಟ್ಟು ಮೆಲ್ಲಗೆ ಒತ್ತಿದರು. ಮೈಭಾರ ಸ್ವಲ್ಪ ಟವೆಲ್ ಹಿಡಿದವರ ಕೈಗೆ ಹೋಯಿತು. ಮುಳ್ಳು 205ಕ್ಕೆ ಬಂತು. ಅಧಿಕಾರಿ ಗಂಭೀರವಾಗಿ 205 ಅಂತ ಕೂಗಿದರು. ಮೂರು ನಿಮಿಷದಲ್ಲಿ ಅರ್ಧ ಕೆಜಿಗಿಂತ ಜಾಸ್ತಿ ಮಾಯ! ಐದು ವರ್ಷ ಆದ ಮೇಲೆ, 2022ರಲ್ಲಿ, ಹಾಲ್ ಆಫ್ ಫೇಮ್ ಭಾಷಣದಲ್ಲಿ ಅವರೇ ನಗುತ್ತಾ ಒಪ್ಪಿಕೊಂಡರು. ಹೌದು, ಟವೆಲ್ ಹಿಡಿದಿದ್ದೆ ಅಂತ.

ಅವತ್ತು ಎದುರಾಳಿ ಯಾರು ಅಂತ ನೆನಪಿದೆಯಾ? ಆಂಥನಿ ಜಾನ್ಸನ್. ಅವರದು ಇನ್ನೊಂದು ಪುರಾಣ. ಒಂದು ಕಾಲಕ್ಕೆ 170 ಪೌಂಡಿನ ವೆಲ್ಟರ್‌ವೇಟ್‌ನಲ್ಲಿ ಆಡಿದವರು. ಆ ಹೆಗಲು ನೋಡಿದವರಿಗೆ 170 ಅಂದರೆ ನಗು ಬರಬೇಕು. 2012ರ ಜನವರಿಯಲ್ಲಿ ಒಂದು ವಿಭಾಗ ಮೇಲೆ ಹತ್ತಿದರು. 186 ತೂಗಬೇಕಿತ್ತು, 197 ತೂಗಿದರು. ಸೋತರು. ಯುಎಫ್‌ಸಿ ಮನೆಗೆ ಕಳಿಸಿತು. ಮರುವರ್ಷ ಅದೇ ಮನುಷ್ಯ ಬೇರೆ ಕಡೆ ಹೆವಿವೇಟ್‌ನಲ್ಲಿ ಆಂಡ್ರೆ ಅರ್ಲೋವ್ಸ್ಕಿಯನ್ನು ಸೋಲಿಸಿದರು. ಅಂದರೆ ವರ್ಷಗಟ್ಟಲೆ ತೊಟ್ಟಿಯಲ್ಲಿ ಬೆಂದದ್ದು, ಉಪವಾಸ ಬಿದ್ದದ್ದು, ತೂಕ ತಪ್ಪಿ ಬೈಸಿಕೊಂಡದ್ದು, ಎಲ್ಲ ಯಾವುದಕ್ಕೆ? ಹೊಟ್ಟೆ ತುಂಬ ಉಂಡು ಬಂದಾಗ ಅವರು ಚೆನ್ನಾಗಿಯೇ ಹೊಡೆಯುತ್ತಿದ್ದರು.

ಟವೆಲ್ ಕಥೆಗೆ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕವನು. ಆಮೇಲೆ ಅದರ ಹಿಂದಿನ ಕಥೆ ಗೊತ್ತಾಯಿತು. 2008ರಲ್ಲಿ ಇದೇ ಕಾರ್ಮಿಯೆ ಅಮೆರಿಕದ ಕುಸ್ತಿ ತಂಡದ ನಾಯಕರಾಗಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋಗಿದ್ದರು. ತೂಕ ಇಳಿಸುವಾಗ ಮೂತ್ರಪಿಂಡ ಕೈಕೊಟ್ಟಿತು. ಒಂದೂ ಕುಸ್ತಿ ಆಡದೆ ವಾಪಸ್ ಬಂದರು. ಆ ಮನುಷ್ಯ ಟವೆಲ್ ಹಿಡಿದದ್ದರಲ್ಲಿ ಏನು ತಪ್ಪು ಅಂತ ಈಗ ಅನ್ನಿಸುತ್ತದೆ. ಕಿಡ್ನಿಗಿಂತ ಟವೆಲ್ ಅಗ್ಗ.

ನಿಯಮ ಮಾತ್ರ ಬಹಳ ಕಟ್ಟುನಿಟ್ಟು, ಅದನ್ನು ಮೆಚ್ಚಲೇಬೇಕು. 2022ರ ಮೇ ತಿಂಗಳಲ್ಲಿ ಚಾರ್ಲ್ಸ್ ಒಲಿವೇರಾ ಲೈಟ್‌ವೇಟ್ ಚಾಂಪಿಯನ್ ಆಗಿದ್ದರು. ಮಿತಿ 155 ಪೌಂಡ್. ಅವರು 155.5. ಇನ್ನೊಂದು ಗಂಟೆ ಕೊಟ್ಟರು, ಆಗಲೂ 155.5. ಅರ್ಧ ಪೌಂಡ್ ಅಂದರೆ 227 ಗ್ರಾಂ. ಸಾಮಾನ್ಯ ಫೈಟ್ ಆಗಿದ್ದರೆ ಒಂದು ಪೌಂಡ್ ರಿಯಾಯಿತಿ ಇತ್ತು, ಪಟ್ಟದ ಫೈಟಿಗೆ ಇಲ್ಲ. ಪಟ್ಟ ಹೋಯಿತು. ಮಾರನೇ ದಿನ ಒಳಗೆ ಹೋಗಿ ಜಸ್ಟಿನ್ ಗೇಜಿಯ ಕುತ್ತಿಗೆ ಹಿಡಿದು ಮೊದಲ ಸುತ್ತಿನಲ್ಲೇ ಟ್ಯಾಪ್ ಮಾಡಿಸಿ ಸೋಲೊಪ್ಪಿಸಿದರು. ಗೆದ್ದವರಿಗೆ ಪಟ್ಟ ಇಲ್ಲ, ಸೋತವರಿಗೂ ಇಲ್ಲ. ಆ ರಾತ್ರಿ ಚಾಂಪಿಯನ್ ಆದದ್ದು 227 ಗ್ರಾಂ.

2024ರ ಆಗಸ್ಟ್ ಬಗ್ಗೆ ನಾನು ಹೇಳಬೇಕಿಲ್ಲ. ಪ್ಯಾರಿಸ್, ಕುಸ್ತಿ, 50 ಕೆಜಿ, ವಿನೇಶ್ ಫೋಗಟ್, ಫೈನಲ್‌ನ ಬೆಳಿಗ್ಗೆ 100 ಗ್ರಾಂ. ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿ, ಆದರೂ 100 ಗ್ರಾಂ. ಒಂದೇ ದಿನದಲ್ಲಿ ನಾವೆಲ್ಲ ತೂಕತಜ್ಞರಾಗಿಬಿಟ್ಟೆವು. ಹಿಂದಿನ ದಿನದವರೆಗೆ 50 ಕೆಜಿ ವಿಭಾಗ ಅಂತ ಒಂದು ಇದೆ ಅಂತಲೇ ಗೊತ್ತಿರದವರು, 'ಇನ್ನೊಂದು ಹತ್ತು ನಿಮಿಷ ಓಡಬೇಕಿತ್ತು' ಅಂದರು. ನನ್ನ ಏದುಸಿರಿನ ಗೆಳೆಯನೂ ಅಂದ.

ಇಲ್ಲಿಂದ ಮುಂದೆ ತಮಾಷೆ ಮಾಡಲು ನನಗೆ ಬರುವುದಿಲ್ಲ.

1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ತೂಕ ಇಳಿಸುತ್ತಾ ಸತ್ತರು. ಎಲ್ಲ ಒಂದೆರಡು ತಿಂಗಳೊಳಗೆ. ಕಾಲೇಜು ಕ್ರೀಡೆ ನಡೆಸುವವರು ಆಮೇಲೆ ಸೌನಾ, ರಬ್ಬರ್ ಸೂಟ್ ನಿಷೇಧಿಸಿದರು. ತೂಗುವ ಹೊತ್ತನ್ನು ಕುಸ್ತಿಯ ಹೊತ್ತಿಗೆ ಹತ್ತಿರ ತಂದರು. ತೂಗಿದ ಕೂಡಲೇ ಆಡಬೇಕು ಅಂದರೆ ಒಣಗಿಕೊಂಡು ಬರುವವನು ಎರಡು ಸಲ ಯೋಚಿಸುತ್ತಾನೆ. ದೇಹದಲ್ಲಿ ನೀರು ಎಷ್ಟಿದೆ ಅಂತ ಪರೀಕ್ಷೆ ತಂದರು. ಅಂದರೆ ಮದ್ದು ಏನು ಅಂತ 1998ಕ್ಕೇ ಗೊತ್ತಿತ್ತು. ಎಂಎಂಎ ಆಗ ಇನ್ನೂ ಕೂಸು. ನೋಡಿ ಕಲಿಯಬಹುದಿತ್ತು. ಕಲಿಯಲಿಲ್ಲ. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಚೀನಾದ ಯಾಂಗ್ ಜಿಯಾನ್‌ಬಿಂಗ್ ಸತ್ತ. ಫೈಟಿನಲ್ಲಿ ಅಲ್ಲ, ಫೈಟಿಗೆ ಮೊದಲು, ತೂಕ ಇಳಿಸುವಾಗ. ಅವನಿಗೆ 21 ವರ್ಷ. ಆ ಪಂದ್ಯ ನಡೆಸುತ್ತಿದ್ದ ಒನ್ ಚಾಂಪಿಯನ್‌ಶಿಪ್ ಆಮೇಲೆ ನೀರಿಳಿಸುವುದನ್ನು ನಿಷೇಧಿಸಿ, ಮೂತ್ರ ಪರೀಕ್ಷೆ ತಂದಿತು. ಉಳಿದವರು ಮೌನ ಆಚರಿಸಿದರು. ಆಮೇಲೆ ತೊಟ್ಟಿ ತುಂಬಿಸಿದರು.

ಇದಕ್ಕೆ 'ಶಿಸ್ತು' ಅಂತ ಬೇರೆ ಹೆಸರು. ತೂಕ ಮುಟ್ಟಿದವನು ಯೋಧ. ತಲೆ ಸುತ್ತಿ ಬಿದ್ದು, ಸಾಕು ಅಂತ ಎದ್ದು ಬಂದವನು ಅಶಿಸ್ತಿನವನು, ಅವನ ಸಂಭಾವನೆಯಲ್ಲಿ ಒಂದು ಪಾಲು ಎದುರಾಳಿಗೆ. ಸಾಯುವ ಮೊದಲು ನಿಲ್ಲಿಸಿದ್ದಕ್ಕೆ ದಂಡ. ನೀರಿಲ್ಲದ ಮೈಯಲ್ಲಿ ಹೃದಯ, ಮೂತ್ರಪಿಂಡ ಏನು ಪಾಡು ಪಡುತ್ತವೆ ಅಂತ ಯಾವ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಕೇಳುವವರು ಬೇಕಲ್ಲ.

ಹೋಗಲಿ, ದೊಡ್ಡವರದು ದುಡ್ಡಿನ ವಿಷಯ ಅನ್ನಬಹುದು. ನಾನು ಸಿಗಡಿಯಾಗಿದ್ದ ಆ ಜಿಮ್‌ನಲ್ಲಿ ಒಬ್ಬ ಹುಡುಗ ಇದ್ದ. 19 ವರ್ಷ. ಅಮೆಚೂರ್ ಫೈಟು, ಒಂದು ಪದಕ, ಒಂದು ಫೋಟೊ, ಅಷ್ಟೇ. ಅದಕ್ಕೆ ಆರು ಕೆಜಿ ಇಳಿಸುತ್ತಿದ್ದ. ಹಿಂದಿನ ಸಂಜೆ ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಹಗ್ಗ ಜಿಗಿಯುತ್ತಿದ್ದ. ತೋಳಿನ ತುದಿಯಿಂದ ಬೆವರು ತೊಟಕ್ಕಂತ ಬೀಳುವುದು ನಿಂತುಹೋಗಿತ್ತು. 'ಇನ್ನು ಬರ್ತಾ ಇಲ್ಲ ಸರ್' ಅಂದ. ಕೋಚ್, 'ಬರುತ್ತೆ, ಜಿಗಿ' ಅಂದರು. ಕೆಟ್ಟ ಮನುಷ್ಯರೇನಲ್ಲ. ಅವರಿಗೂ ಅವರ ಕೋಚ್ ಹಾಗೇ ಹೇಳಿದ್ದರು.

ಹುಡುಗ ತೂಕ ಮುಟ್ಟಿದ. ಸರಿಯಾಗಿ, ಗ್ರಾಂ ಸಮೇತ. ಎದುರಾಳಿ ಮೂರು ಕೆಜಿ ಜಾಸ್ತಿ ಬಂದ, ಹಾಯಾಗಿ, ಬಾಯಲ್ಲಿ ಏನೋ ಅಗಿಯುತ್ತಾ. ಒಪ್ಪಿಗೆ ಇದ್ದರೆ ಆಡಿಸುತ್ತೇವೆ, ಇಲ್ಲದಿದ್ದರೆ ಫೈಟ್ ರದ್ದು ಅಂದರು ನಡೆಸುವವರು. ಹುಡುಗ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಕೈ ನಡುಗುತ್ತಿತ್ತು. ಆಡುತ್ತೇನೆ ಅಂದ.

ಯಾಕಪ್ಪಾ, ಬೇಡ ಅನ್ನಬಹುದಿತ್ತಲ್ಲ ಅಂದೆ.

'ಹೆಂಗೆ ಬೇಡ ಅನ್ಲಿ ಸರ್? ಇಷ್ಟು ದಿನ ಇಳಿಸಿದ್ದೆಲ್ಲ ವೇಸ್ಟ್ ಆಗುತ್ತಲ್ಲ' ಅಂದ.