ನೊವಿಚಾಕ್ ಅಂತೆ, ನೊವಿಚಾಕ್!

ನಿನ್ನೆ ಗೃಹಪ್ರವೇಶದ ಊಟ. ಪಕ್ಕದ ಎಲೆಯವರು ಯೂಟ್ಯೂಬ್ ನೋಡಿಕೊಂಡು ಬಂದಿದ್ದರು. ರಷ್ಯಾದ ವಿರೋಧ ಪಕ್ಷದ ನಾಯಕ ನವಾಲ್ನಿಗೆ 2020ರಲ್ಲಿ ನೊವಿಚಾಕ್ ಅನ್ನೋ ನರವಿಷ ಹಾಕಿದ್ದು, ಬರ್ಲಿನ್ ಆಸ್ಪತ್ರೆಯಲ್ಲಿ ಉಳಿಸಿದ್ದು. ಹೋಳಿಗೆ ಬರೋವರೆಗೂ ಅದೇ. ಕೊನೆಗೆ, "ಅಂಥ ವಿಷಾನ ನಮ್ಮ ಆಸ್ಪತ್ರೆಯವರು ಕಂಡೇ ಇರಲ್ಲ ಬಿಡಿ ಮೇಡಂ" ಅಂದರು. ನಾನು ನರ್ಸು, ನನ್ನ ನೈಟ್ ಡ್ಯೂಟಿಗಳೆಲ್ಲ ಕಳೆದದ್ದೇ ವಿಷದ ಕೇಸುಗಳ ವಾರ್ಡಿನಲ್ಲಿ. ಮೈ ಉರಿಯಿತು.

ಕಂಡಿದ್ದೀವಿ ಸ್ವಾಮಿ. ಆ ಜಾತಿಯ ವಿಷಕ್ಕೆ ಆರ್ಗನೊಫಾಸ್ಫೇಟ್ ಅಂತ ಹೆಸರು, ನಾವು ಚಿಕ್ಕದಾಗಿ 'ಒಪಿ ಕೇಸ್' ಅಂತೀವಿ, ಅಷ್ಟೇ. 1936ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಶ್ರಾಡರ್ ಹುಳ ಸಾಯಿಸುವ ಔಷಧಿ ಹುಡುಕಲು ಹೋಗಿ ಟಾಬುನ್ ಅನ್ನೋ ನರವಿಷ ಮಾಡಿದ. ಎರಡು ವರ್ಷಕ್ಕೆ ಇನ್ನೊಂದು ನರವಿಷ, ಸರಿನ್. ನಮ್ಮ ಹೊಲಕ್ಕೆ ಹೊಡೆಯುತ್ತಿದ್ದ ಕೀಟನಾಶಕ ಮೊನೊಕ್ರೊಟೊಫಾಸ್ ಕೂಡ ಅದೇ ಮನೆತನದ್ದು. ನರದ ಸಂದೇಶ ಮುಗಿದ ಮೇಲೆ ಅದನ್ನು ಅಳಿಸುವ ಕಿಣ್ವವೊಂದಿದೆ. ಇವು ಅದನ್ನೇ ಹಿಡಿದು ಕೂರುತ್ತವೆ. ಆಮೇಲೆ ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ, ಸೂಜಿಮೊನೆಯಷ್ಟು ಪಾಪೆ. 2018ರಲ್ಲಿ ಸುಳ್ವಾಡಿ ಮಾರಮ್ಮನ ಪ್ರಸಾದದಲ್ಲಿ ಇದ್ದದ್ದೂ ಇದೇ. 17 ಜನ ಹೋದರು. ಇಷ್ಟು ಬೇಗ ಮರೆತುಹೋಯಿತಾ?

ಮದ್ದು ಏನು? ಅಟ್ರೋಪಿನ್, ಪಾಮ್ (ಪ್ರಾಲಿಡಾಕ್ಸಿಮ್) ಅನ್ನೋ ಎರಡು ಔಷಧಿ. ಪಾಮ್ ಬಂದದ್ದು 1950ರ ದಶಕದಲ್ಲಿ. ಅದನ್ನು ಎಷ್ಟು ಕೊಡಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ. 2006ರಲ್ಲಿ ಬಾರಾಮತಿಯ 200 ರೋಗಿಗಳ ಅಧ್ಯಯನ, ಜಾಸ್ತಿ ಪ್ರಮಾಣ ಬಿಡದೆ ಕೊಟ್ಟರೆ ಒಳ್ಳೇದು ಅಂದಿತು. 2009ರಲ್ಲಿ ಶ್ರೀಲಂಕಾದ 235 ಜನರ ಅಧ್ಯಯನ, ಉಪಯೋಗವೇ ಕಾಣಲಿಲ್ಲ ಅಂದಿತು. ನವಾಲ್ನಿ ಒಬ್ಬರ ಕೇಸು ನಾಲ್ಕೇ ತಿಂಗಳಿಗೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬಾರಾಮತಿಯದೂ ಲ್ಯಾನ್ಸೆಟ್‌ನಲ್ಲೇ ಬಂದಿತ್ತು, ಸುಳ್ಳು ಹೇಳಬಾರದು. ಯೂಟ್ಯೂಬಿಗೆ ಬರಲಿಲ್ಲ ಅಷ್ಟೇ. ರೈತನ ಕಥೆಗೆ ಯಾರು ಲೈಕ್ ಒತ್ತುತ್ತಾರೆ?

ಸರಿನ್ ಒಂದು ಹನಿ ಸಾಕು, ಅದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ ಅಂತೀರಾ? ವಿಷದ ಖಾರ ಬೇರೆ, ಒಪ್ಪಿದೆ. ಆದರೆ 1995ರಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ಸರಿನ್ ಬಿಟ್ಟಾಗ ಒಂದೇ ಆಸ್ಪತ್ರೆಗೆ ಒಂದೇ ದಿನ 640 ಜನ ಬಂದರು. ಕೊಟ್ಟದ್ದು ಇದೇ ಅಟ್ರೋಪಿನ್, ಇದೇ ಪಾಮ್. ರೋಗಿಗಳ ಬಟ್ಟೆಯಿಂದಲೇ ವಿಷ ತಾಗಿ ಅಲ್ಲಿನ ಸಿಬ್ಬಂದಿಯೂ ನರಳಿದರು. ಬಟ್ಟೆ ಕಳಚಿ, ಸೋಪು ಹಾಕಿ ತೊಳೀರಿ ಅಂತ ನಮ್ಮ ಆಯಾ ಕೂಡ ಹೇಳುತ್ತಿದ್ದಳು!

ಹೀಗೆ ಜಂಬ ಕೊಚ್ಚುವ ನಾನೂ ಮೊದಲ ಕೇಸಿನಲ್ಲಿ ತಪ್ಪು ಮಾಡಿದ್ದೆ. ನಾಡಿ 130 ದಾಟಿತು ಅಂತ ಹೆದರಿ ಅಟ್ರೋಪಿನ್ ಡ್ರಿಪ್ ನಿಧಾನ ಮಾಡಿಬಿಟ್ಟೆ. ಡ್ಯೂಟಿ ಡಾಕ್ಟರ್ ಓಡಿ ಬಂದು, "ಸಿಸ್ಟರ್, ನಾಡಿ ನೋಡ್ಕೊಂಡು ಕೂರಬೇಡಿ, ಎದೆ ಕೇಳಿ, ಗೊರಗೊರ ನಿಂತಿದೆಯಾ ನೋಡಿ!" ಅಂತ ಬೈದರು. ರೋಗಿ ಉಳಿದ. ಅಟ್ರೋಪಿನ್ ಮತ್ತಿನಲ್ಲಿ ನನ್ನನ್ನೇ ಅವ್ವ ಅಂದುಕೊಂಡು, ಎಮ್ಮೆ ಕಟ್ಟಿದ್ಯಾ, ಎಮ್ಮೆ ಕಟ್ಟಿದ್ಯಾ ಅಂತ ಒಂದೇ ಸಮನೆ ಕೇಳುತ್ತಿದ್ದ. ಕಟ್ಟಿದೀನಿ, ಮಲಕ್ಕೋ ಮಗಾ ಅಂತ ಬೆಳಗಿನವರೆಗೂ ಹೇಳಿದೆ.